ಪೀಸ್ ಕೋರ್ ಮಹನೀಯರಿಗೆ ತಡವಾಗಿ ಅರ್ಪಿಸುವ ಬಿನ್ನವತ್ತಳೆ

ಮಾನ್ಯ ಅಧ್ಯಕ್ಷರೆ, ವೇದಿಕೆ ಮೇಲೆ ಒತ್ತೊತ್ತಾಗಿ ಕೂತಿರುವ ಗಣ್ಯರೆ, ಕುರ್ಚಿ ಸಿಗದೆ ಮುನಿಸಿಕೊಂಡು ಪೆಂಡಾಲಿನ ಕಂಬಕ್ಕೆ ಒರಗಿರುವ ಇನ್ನಷ್ಟು ಗಣ್ಯರೆ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳ ಮಹಾಜನಗಳೆ,

ಅಮೆರಿಕದಿಂದ ಬಂದು ನಮ್ಮ ಸೀಮೆಯಲ್ಲಿ ಎರಡು ವರ್ಷ ಬಾಳಿ ಹೋದ ಪೀಸ್ ಕೋರ್ ಸ್ವಯಂಸೇವಕರನ್ನು ಸನ್ಮಾನಿಸಲು ಸೇರಿದ್ದೇವೆ. ಕೆನಡಿ ಸಾಹೇಬರು ಈ ಪಡೆ ಕಟ್ಟಿದ್ದು 1961ರಲ್ಲಿ. 1976ರ ಹೊತ್ತಿಗೆ ಭಾರತದಲ್ಲಿದ್ದ ಕೊನೆಯವರೂ ಗಂಟುಮೂಟೆ ಕಟ್ಟಿದರು. ಸನ್ಮಾನ ಅರ್ಧ ಶತಮಾನ ತಡವಾಯಿತೆಂದು ಹಿಂದಿನಿಂದ ಯಾರೋ ಗೊಣಗುತ್ತಿದ್ದಾರೆ. ಮುಖ್ಯ ಅತಿಥಿಗಳು ಬರುವುದು ತಡವಾಯಿತು ಸ್ವಾಮಿ, ಏನು ಮಾಡೋಣ. ಈಗಲೂ ಬಂದಿಲ್ಲ. ಸನ್ಮಾನಿತರೂ ಬಂದಿಲ್ಲ.

ಮಹನೀಯರೆ, ಹೊರದೇಶದವರು ನಮ್ಮಲ್ಲಿ ಬಹುಕಾಲ ತಂಗುವುದು ಹೊಸದಲ್ಲ. 1780ರಲ್ಲಿ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕ ಕರ್ನಲ್ ಬೈಲಿಯವರನ್ನು ಶ್ರೀರಂಗಪಟ್ಟಣಕ್ಕೆ ಕರೆತಂದೆವು. ಅವರ ಪ್ರವಾಸ ಯೋಜನೆಗಳೆಲ್ಲ ಅಲ್ಲಿಗೇ ಮುಗಿದವು. ಎರಡು ವರ್ಷಕ್ಕೆ ತೀರಿಕೊಂಡರು, ನಾವು ನೆಲಮಾಳಿಗೆಯ ಸೆರೆಮನೆಯೊಂದಕ್ಕೆ ಅವರ ಹೆಸರಿಟ್ಟು ಗೌರವಿಸಿದೆವು. ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟ ಕಾರಣಕ್ಕೆ ಪಾಂಡವಪುರವೇ ಬಹಳ ಕಾಲ ಫ್ರೆಂಚ್ ರಾಕ್ಸ್ ಆಗಿತ್ತು. 1799ರ ನಂತರ ಬಂದ ಪಾದ್ರಿ ಅಬ್ಬೆ ದುಬ್ವಾ ನಮ್ಮಂತೆ ಉಟ್ಟು, ನಮ್ಮಂತೆ ಉಂಡು, ಮಕ್ಕಳಿಗೆ ದೇವಿ ಹಾಕಿಸಿ, ನಮ್ಮ ಆಚಾರವಿಚಾರಗಳನ್ನೆಲ್ಲ ಬರೆದಿಟ್ಟರು; ಆ ಬರಹ ಕಂಪನಿ ಸರ್ಕಾರಕ್ಕೆ 2000 ವರಹಕ್ಕೆ ಹೋಯಿತು. ನೀವೂ ನಮ್ಮನ್ನು ಕುರಿತು ಬರೆದಿರಿ. ನಿಮ್ಮ ತಾಯಿಗೆ, ಏರೋಗ್ರಾಂನಲ್ಲಿ, ಅಂಚೆ ಖರ್ಚೂ ನಿಮ್ಮದೇ.

ನಿಮ್ಮ ದಿನಚರಿಯನ್ನು ನಿಮಗಿಂತ ಚೆನ್ನಾಗಿ ಬಲ್ಲವರು ನಾವು. ನೀವು ಗಡ್ಡ ಹೆರೆದುಕೊಳ್ಳುವಾಗ ಕಿಟಕಿಯಲ್ಲಿ ನಿಂತಿದ್ದವರು ನಾವೇ ತಾನೆ? ನೀವು ಬಾಗಿಲು ಹಾಕಿಕೊಂಡರೆ ಹುಷಾರಿಲ್ಲವೇನೋ ಎಂದು ಬಡಿದೆವು. ತೆಗೆದರೆ, ಹುಷಾರಾಗಿದ್ದೀರಲ್ಲ ಎಂದು ಒಳಗೆ ಬಂದು ಕೂತೆವು. ಯಾಕೆ ಬಂದಿರಿ, ಎಷ್ಟು ದಿನ ಇರುತ್ತೀರಿ, ಸಂಬಳ ಎಷ್ಟು ಎಂದು ದಿನಾ ಕೇಳಿದೆವು. ಸಂಬಳವಿಲ್ಲ ಅಂದಿರಿ. ಆಮೇಲೆ ತಿಂಗಳಿಗೆ 75 ಡಾಲರ್ ನಿಮ್ಮೂರಲ್ಲಿ ಜಮೆಯಾಗುತ್ತಿರುವ ಸಂಗತಿ ಬಯಲಾಯಿತು. ಜಗಲಿಯ ಮೇಷ್ಟ್ರು ಲೆಕ್ಕ ಹಾಕಿದರು: 357 ರೂಪಾಯಿ. 1966ರ ಜೂನ್‌ನಲ್ಲಿ ರೂಪಾಯಿ ಬೆಲೆ ಇಳಿಸಿದರಲ್ಲ, ಮತ್ತೆ ಲೆಕ್ಕ ಹಾಕಿದರು: 562 ರೂಪಾಯಿ ಐವತ್ತು ಪೈಸೆ. ಒಂದು ಕಡ್ಡಿಯನ್ನೂ ಅಲ್ಲಾಡಿಸದೆ ರಾತ್ರೋರಾತ್ರಿ ಬಡ್ತಿ ಪಡೆದ ನಿಮ್ಮ ಮೇಲೆ ಮೇಷ್ಟ್ರ ಗೌರವ ದುಪ್ಪಟ್ಟಾಯಿತು.

ನೀವು ಸಿಐಎ ಗೂಢಚಾರರೆಂಬ ಗುಲ್ಲೂ ಇತ್ತು. ನಾಗಮಂಗಲದವರು ಮಾತ್ರ ನಂಬಲಿಲ್ಲ. ಈ ವರ್ಷವೂ ಕೆರೆ ತುಂಬಲಿಲ್ಲ, ಹುರಳಿ ಒಣಗಿತು ಎಂಬ ರಹಸ್ಯಕ್ಕೆ ಅಮೆರಿಕ ದುಡ್ಡು ಕೊಟ್ಟೀತೇ?

ಇನ್ನು ಕೋಳಿಯ ವಿಷಯ. ಬಿಳೀ ಲೆಗ್‌ಹಾರ್ನ್ ಸಾಕಿ, ಕೊಕ್ಕರೆ ರೋಗಕ್ಕೆ ಮೊದಲೇ ಸೂಜಿಮದ್ದು ಹಾಕಿಸಿ, ಮೊಟ್ಟೆ ಮಾರಿ ಎಂದಿರಿ. ನಮ್ಮ ಹೆಂಗಸರು ಆ ಹಕ್ಕಿಯನ್ನು ಎತ್ತಿ, ತೂಗಿ, ರೆಕ್ಕೆ ಬಿಡಿಸಿ ನೋಡಿದರು. ಎಲ್ಲ ಸರಿ, ಕಾವಿಗೆ ಯಾವಾಗ ಕೂರುತ್ತೆ? ಕೂರುವುದಿಲ್ಲ ಎಂದಿರಿ, ಮೊಟ್ಟೆ ಇಟ್ಟು ಎದ್ದು ಹೋಗುವುದೇ ಆ ತಳಿಯ ಹೆಚ್ಚುಗಾರಿಕೆ. ಆಹಾ, ಕಾವಿಗೆ ಕೂರದ ಕೋಳಿಯೂ ಒಂದು ಕೋಳಿಯೇ! ನೀವು ಕಡತ ಹಿಡಿದು ಮೊಟ್ಟೆ ಎಣಿಸಿ ಹೋದ ಮೇಲೆ ಮುದುಕಿಯೊಬ್ಬಳು ನಾಲ್ಕು ಮೊಟ್ಟೆ ಸೆರಗಿಗೆ ಹಾಕಿಕೊಂಡು ಹೋಗಿ ಮಂಕರಿಯಲ್ಲಿದ್ದ ತನ್ನ ನಾಟಿ ಹೇಂಟೆಯ ಹೊಟ್ಟೆಯಡಿ ಸರಿಸಿದಳು. ಲೆಕ್ಕ ತಪ್ಪಿದ್ದು ಹೀಗೆ, ಕ್ಷಮಿಸಬೇಕು.

ನಿಮ್ಮ ಗೋಡೆಯ ಮೇಲೊಂದು ಭೂಪಟ. ರಜೆಗೆ ಗೋವಾ, ಕಠ್ಮಂಡು; ಅವಧಿ ಮುಗಿದ ಮೇಲೆ ಕಾಬೂಲ್, ಟೆಹರಾನ್, ಇಸ್ತಾಂಬುಲ್ ಮೇಲೆ ನೆಲದಾರಿಯಲ್ಲೇ ಮನೆಗೆ. ಧರ್ಮಸ್ಥಳ ನೋಡದವನಿಗೆ ಕಾಬೂಲ್ ಯಾಕೆ ಎಂದು ನಾವು ನೊಂದೆವು. ಮೇಲುಕೋಟೆ ವೈರಮುಡಿ ಮುಗಿಸಿಕೊಂಡಾದರೂ ಹೊರಡಿ ಎಂದೆವು. ಟೆಹರಾನಿನ ಬಸ್ಸಿನ ಹೊತ್ತು ಬಾಯಿಪಾಠವಾಗಿದ್ದ ನಿಮಗೆ ಕೆ.ಆರ್.ಪೇಟೆಯಿಂದ ನಾಗಮಂಗಲಕ್ಕೆ ಕಡೇ ಬಸ್ಸು ಎಷ್ಟೊತ್ತಿಗೆ ಎಂಬುದು ಮಾತ್ರ ಕೊನೆಗೂ ತಿಳಿಯಲಿಲ್ಲ. ನಮಗೂ ತಿಳಿದಿರಲಿಲ್ಲ.

ನಿಮ್ಮ ಪೈಕಿ ಲಿಲಿಯನ್ ಕಾರ್ಟರ್ ಎಂಬ ತಾಯಿ 68ನೇ ವಯಸ್ಸಿನಲ್ಲಿ ಹೊರಟು ಮುಂಬೈ ಬಳಿಯ ವಿಕ್ರೋಲಿಯಲ್ಲಿ ರೋಗಿಗಳ ಸೇವೆ ಮಾಡಿದರು. ಮಗ ಜಿಮ್ಮಿ ಮುಂದೆ ಅಮೆರಿಕದ ಅಧ್ಯಕ್ಷರಾದರು. ಆ ಋಣವನ್ನು ನಾವೀಗ ತೀರಿಸುತ್ತಿದ್ದೇವೆ. ಅದೇ ವಯಸ್ಸಿನ ನಮ್ಮ ಅವ್ವಂದಿರು ಬಾಣಂತನಕ್ಕೆಂದು ನಿಮ್ಮ ದೇಶಕ್ಕೆ ಹಾರುತ್ತಿದ್ದಾರೆ. ಪೆಟ್ಟಿಗೆಯಲ್ಲಿ ರಾಗಿಹಿಟ್ಟು, ಬಾಣಂತಿ ಖಾರ. ಇಳಿದ ಕೂಡಲೆ ನಿಮ್ಮ ಅಧಿಕಾರಿ ಕೇಳುತ್ತಾನೆ: ಯಾಕೆ ಬಂದಿರಿ, ಎಷ್ಟು ದಿನ ಇರುತ್ತೀರಿ? ಸಾಮಾನ್ಯವಾಗಿ ಆರು ತಿಂಗಳು ಬಿಡುತ್ತಾರೆ. ಸಂಬಳವಿಲ್ಲ, ಆ 75 ಡಾಲರೂ ಇಲ್ಲ, ಭಾಷೆಯ ತರಬೇತಿಯೂ ಇಲ್ಲ. ಮಗು ಮಲಗಿದಾಗ ಕಿಟಕಿಯಲ್ಲಿ ನಿಲ್ಲುತ್ತಾರೆ. ನೋಡಲು ಬೀದಿಯಲ್ಲಿ ನರಪಿಳ್ಳೆಯಿಲ್ಲ. ಪ್ರವಾಸ ಒಂದೇ: ಸೀರೆಯ ಮೇಲೆ ಮಗನ ಜರ್ಕಿನ್, ಕಾಲಿಗೆ ಸ್ಪೋರ್ಟ್ಸ್ ಶೂ, ಬೆನ್ನ ಹಿಂದೆ ನಯಾಗರ.

ಆದ್ದರಿಂದ ಮಹನೀಯರೆ, ಈ ಸಭೆ ಅವಿರೋಧವಾಗಿ ಅಂಗೀಕರಿಸಿದ ಮನವಿ ಇದೊಂದೇ. ನಿಮಗೂ ಈಗ ವಯಸ್ಸಾಗಿದೆ, ಸಂಜೆ ಪಾರ್ಕಿಗೆ ಹೋಗುತ್ತೀರಿ. ಬೆಂಚಿನ ಮೇಲೆ, ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡು ಕೂತ ಮುದುಕಿ ಕಂಡರೆ ಹತ್ತಿರ ಹೋಗಿ, ನೆನಪಿರುವಷ್ಟು ಕನ್ನಡದಲ್ಲಿ "ಯಾವೂರವ್ವ?" ಎಂದು ಕೇಳಿ. ಮಿಕ್ಕಿದ್ದನ್ನು ಅವರೇ ನೋಡಿಕೊಳ್ಳುತ್ತಾರೆ. ನಿಮ್ಮ ಸಂಬಳ, ಸಂಸಾರ, ಮೊಣಕಾಲು ನೋವು ಎಲ್ಲ ವಿಚಾರಣೆಯಾಗುತ್ತದೆ. ಆ ಸಂಜೆ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ.