ಶ್ವಾನವಸತಿ ಮೀಮಾಂಸೆ

ಒಡೆಯ ಊರಲ್ಲಿಲ್ಲದಾಗ ಅವನ ನಾಯಿಯನ್ನು ಹಣ ಪಡೆದು ನೋಡಿಕೊಳ್ಳುವ ಸ್ಥಳವೇ ಶ್ವಾನವಸತಿ. ಹಣದ ಮಾತನ್ನು ಕೈಬಿಟ್ಟರೆ ಅತಿವ್ಯಾಪ್ತಿ ದೋಷ: ಮೈಸೂರಿನ ಅತ್ತೆಯ ಮನೆಯೂ ಇದರೊಳಗೆ ಬಂದುಬಿಡುತ್ತದೆ. ಅತ್ತೆ ವಸೂಲಿ ಮಾಡುವುದಿಲ್ಲವೆಂದಲ್ಲ. ಅದಕ್ಕೆ ರಸೀದಿ ಇರುವುದಿಲ್ಲ, ಅಷ್ಟೆ.

ಇನ್ನು ಪೂರ್ವೇತಿಹಾಸ. ನಾಯಿಯೊಂದಿಗೆ ಬಂದ ಧರ್ಮರಾಯನಿಗೆ ಇಂದ್ರ, ನಾಯಿಯಿರುವವರಿಗೆ ಸ್ವರ್ಗದಲ್ಲಿ ಜಾಗವಿಲ್ಲ ಎಂದದ್ದು ಮಹಾಪ್ರಸ್ಥಾನಿಕ ಪರ್ವದಲ್ಲಿದೆ. ಅಪಾರ್ಟ್‌ಮೆಂಟ್ ಸಂಘಗಳ ಗುರುಪರಂಪರೆ ಅಲ್ಲಿಂದ ಹೊರಡುತ್ತದೆ. ಕನ್ನಡ ನಾಡಿನ ದಾಖಲೆ ಇದಕ್ಕಿಂತ ಉದಾರವಾದದ್ದು. ಕ್ರಿ.ಶ. 950ರ ಸುಮಾರಿನ ಆತಕೂರು ಶಾಸನದ ಪ್ರಕಾರ, ತಕ್ಕೋಲದ ಯುದ್ಧದಲ್ಲಿ ಮೆಚ್ಚಿಸಿದ ಮಣಲರನಿಗೆ ಗಂಗರ ಬೂತುಗ ಬೇಕಾದ್ದು ಕೇಳು ಎಂದಾಗ ಅವನು ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಹಂದಿಯೊಡನೆ ಹೋರಾಡಿ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಪೂಜಾರಿ ಗೊರವ ಉಣ್ಣಕೂಡದೆಂದು ವಿಧಿಸಿದರು. ಸತ್ತ ನಾಯಿಗೇ ಇಷ್ಟು ಬಿಗಿ ಷರತ್ತು! ಬದುಕಿರುವ ನಾಯಿಯನ್ನು ಬಿಟ್ಟು ಬರುವ ನಾವು ಒಪ್ಪಂದದ ಹಾಳೆಗೆ ಓದದೆಯೇ ಸಹಿ ಹಾಕುತ್ತೇವೆ.

ಬೆಂಗಳೂರನ್ನು ಕ್ಷೇತ್ರವಾಗಿಟ್ಟುಕೊಂಡು, ಅಂಡಜ, ಜರಾಯುಜ ಮುಂತಾದ ಪ್ರಸಿದ್ಧ ಕ್ರಮವನ್ನನುಸರಿಸಿದರೆ ವಸತಿಗಳು ನಾಲ್ಕು ಬಗೆ: ಪಂಜರಜ, ಗೃಹಜ, ತೋಟಜ, ವೈಭವಜ. ಮೂರನೆಯದು ಅರಿಸಮಾಸವೆಂದು ವೈಯಾಕರಣರು ಮುನಿದರೆ ಮುನಿಯಲಿ, ನಾಯಿಯದೇನೂ ಅಡ್ಡಿಯಿಲ್ಲ.

ಪಂಜರಜವು ಸಾಮಾನ್ಯವಾಗಿ ಪಶುವೈದ್ಯರ ಕ್ಲಿನಿಕ್ಕಿನ ಹಿಂಭಾಗದಲ್ಲಿ ಹುಟ್ಟುತ್ತದೆ. ಔಷಧಿ ತಪ್ಪಿಸಲಾಗದ ಮುದಿ ನಾಯಿಗೆ ಇದು ವಾಸಿ. ಪಕ್ಕದ ಗೂಡಿನವನು ರೋಗಿಯೋ ಅತಿಥಿಯೋ ಎಂಬುದನ್ನು ಮಾತ್ರ ಕೇಳಿಕೊಳ್ಳಬೇಕು. ಗೃಹಜವೆಂದರೆ ಯಾರದೋ ಮನೆ, ಯಾರದೋ ಸೋಫಾ. ಇದರಲ್ಲಿ ಮಾಂಸಾಹಾರಿ, ಮೊಟ್ಟೆ ಮಾತ್ರ, ಶುದ್ಧ ಮೊಸರನ್ನ ಎಂಬ ಉಪಭೇದಗಳಿವೆ. ಕೋಳಿ ತಿಂದು ಬೆಳೆದ ಲ್ಯಾಬ್ರಡಾರ್ ಮೂರನೆಯ ಉಪಭೇದಕ್ಕೆ ಸೇರಿದರೆ ಮೊದಲ ದಿನ ಉಪವಾಸ ಮಾಡುತ್ತದೆ, ಎರಡನೆಯ ದಿನ ಅವರ ಅಡುಗೆಮನೆಗೆ ನುಗ್ಗುತ್ತದೆ. ತೋಟಜಗಳು ಸರ್ಜಾಪುರ, ಕನಕಪುರ ರಸ್ತೆಗಳ ಕಡೆ ಹೇರಳ. ಹುಲ್ಲಿನ ಮೇಲೆ ಕಿವಿ ಹಾರಿಸಿಕೊಂಡು ಓಡುವ ನಾಯಿಯ ಫೋಟೊ ಎಲ್ಲರಲ್ಲೂ ಇರುತ್ತದೆ. ಅದೇ ಹುಲ್ಲಿನ ಉಣ್ಣಿ ಫೋಟೊದಲ್ಲಿ ಬೀಳುವುದಿಲ್ಲ. ಉಣ್ಣಿ ಕಚ್ಚಿ ಬರುವ ಜ್ವರ ಕಾಣಿಸಿಕೊಳ್ಳಲು ವಾರ ಎರಡು ವಾರ ಹಿಡಿಯುವುದರಿಂದ, ಆ ಹೊತ್ತಿಗೆ ನಾಯಿ ಮನೆಗೆ ಬಂದಿರುತ್ತದೆ, ತೋಟದವರು ನಿರ್ದೋಷಿಗಳಾಗಿರುತ್ತಾರೆ. ಹೋದವರು ಗೇಟಿನ ಕೆಳಗಿನ ಸಂದನ್ನೂ ಒಮ್ಮೆ ಬಗ್ಗಿ ನೋಡಬೇಕು. ವೈಭವಜದಲ್ಲಿ ಎಸಿ, ಈಜುಕೊಳ, ಕ್ಯಾಮೆರಾ. ಮದುವೆಗೆ ಹೋದ ಒಡೆಯ ಧಾರೆಯ ಹೊತ್ತಿನಲ್ಲೂ ಫೋನಿನಲ್ಲಿ ನಾಯಿ ಮಲಗಿರುವುದನ್ನೇ ನೋಡುತ್ತಿರುತ್ತಾನೆ. ರಾತ್ರಿ ಅಲ್ಲಿ ಮನುಷ್ಯರು ಯಾರಾದರೂ ಮಲಗುತ್ತಾರೆಯೇ ಎಂದು ಕೇಳಿ ನೋಡಿ. ಉತ್ತರ ಬರುವುದು ಸ್ವಲ್ಪ ತಡವಾಗುತ್ತದೆ.

ಆಯ್ಕೆಗೆ ಪ್ರಮಾಣಗಳು ಮೂರು. ಶಬ್ದಪ್ರಮಾಣ, ಅಂದರೆ ಐದು ನಕ್ಷತ್ರದ ಶಿಫಾರಸುಗಳು, ದುರ್ಬಲ. ಬರೆದವರು ಅಲ್ಲಿ ಮಲಗಿದವರಲ್ಲ. ಪ್ರತ್ಯಕ್ಷವೇ ಬಲವತ್ತರ: ನಾಯಿಗಳು ಮಲಗುವ ಜಾಗ ತೋರಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ ವಾಪಸು ಹೊರಡಬಹುದು. ಅನುಮಾನಪ್ರಮಾಣಕ್ಕೆ ಮೂಗು ಸಾಧನ. ಹೊಗೆಯಿಂದ ಬೆಂಕಿಯನ್ನು ಊಹಿಸಿದಂತೆ ಫಿನಾಯಿಲ್ ವಾಸನೆಯಿಂದ ಶುಚಿತ್ವವನ್ನು ಊಹಿಸುವವರಿದ್ದಾರೆ. ಇದು ಹೇತ್ವಾಭಾಸ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುವಂಥದ್ದು, ಎಷ್ಟೋ ಸಾಮಾನ್ಯ ಕ್ರಿಮಿನಾಶಕಗಳಿಗೆ ಜಗ್ಗದು. ಅದಕ್ಕೆ ಬ್ಲೀಚ್‌ನಂಥದ್ದು ಬೇಕು.

ಸಿದ್ಧಾಂತವಿಷ್ಟು: ನಮ್ಮ ಪ್ರಶ್ನೆಗೆ ಚೆನ್ನಾಗಿ ಉತ್ತರಿಸುವ ವಸತಿ ಮಧ್ಯಮ, ನಮ್ಮನ್ನೇ ಪ್ರಶ್ನಿಸುವುದು ಉತ್ತಮ. ಹೆಣ್ಣೂರಿನ ಕಡೆಯ ಒಂದು ಗೃಹಜದಲ್ಲಿ ಕನ್ನಡಕ ಮೂಗಿನ ತುದಿಗಿಳಿಸಿಕೊಂಡ ಒಬ್ಬ ಅಮ್ಮ ನೋಟ್‌ಬುಕ್ ತೆರೆದು ಕೂತಿದ್ದರು. “ಲಸಿಕೆ ಕಾರ್ಡ್ ಎಲ್ಲಿ? ರೇಬೀಸ್ದು ಯಾವಾಗ ಹಾಕ್ಸಿದ್ದು? ಕೆನಲ್ ಕಾಫ್‌ದು? ತಟ್ಟೆ ಹತ್ರ ಇನ್ನೊಂದು ನಾಯಿ ಬಂದ್ರೆ ಗುರ್ ಅಂತಾನಾ? ಗುಡುಗಿದ್ರೆ ಎಲ್ಲಿ ಹೋಗಿ ಬಚ್ಚಿಟ್ಕೋತಾನೆ?” ಒಡೆಯನಿಗೆ ಕೊನೆಯದಕ್ಕೆ ಉತ್ತರ ಗೊತ್ತಿರಲಿಲ್ಲ, ಹೆಂಡತಿಗೆ ಫೋನ್ ಮಾಡಿದ. “ಶನಿವಾರ ಬೆಳಗ್ಗೆ ಬಿಟ್ಟು ಸಂಜೆ ಕರ್ಕೊಂಡ್ಹೋಗಿ. ಹೊಂದ್ಕೊಂಡ್ರೆ ಮಾತ್ರ ಇಟ್ಕೋತೀನಿ” ಎಂದರು ಅವರು. ದುಡ್ಡಿನ ಮಾತು ಇನ್ನೂ ಬಂದಿರಲಿಲ್ಲ.

ಈ ಶಾಸ್ತ್ರಕ್ಕೆ ಅಪವಾದ ದೀಪಾವಳಿ. ಆಗ ಉತ್ತಮ, ಮಧ್ಯಮ, ಅಧಮ ಎಲ್ಲವೂ ಭರ್ತಿ. ಆದ್ದರಿಂದ ಜಾಗವನ್ನು ದಸರೆಗೆ ಮೊದಲೇ ಗೊತ್ತು ಮಾಡಿ, ಪಟಾಕಿ ಸದ್ದು ಕಡಿಮೆ ಬೀಳುವ ಒಳಕೋಣೆ ಇದೆಯೇ ಎಂದು ವಿಚಾರಿಸಿ, ಕೆನಲ್ ಕಾಫ್ ಲಸಿಕೆಯನ್ನೂ ಆ ಹೊತ್ತಿಗೇ ಹಾಕಿಸಬೇಕು. ಬಸ್ಸು ಹತ್ತುವ ಹಿಂದಿನ ದಿನ ಹಾಕಿಸಿದ್ದು ಕಾರ್ಡಿಗೆ ತಾಗುತ್ತದೆಯೇ ಹೊರತು ನಾಯಿಗೆ ತಾಗಲು ಇನ್ನೂ ದಿನಗಳು ಬೇಕು.