ಉತ್ತರ ಆಫ್ರಿಕಾದ ಧೂಳು ಮತ್ತು ನಮ್ಮತ್ತೆ

ಅಮೆರಿಕದಲ್ಲಿ ಧೂಳನ್ನೂ ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ. ನಂಬದವರು ನಮ್ಮ ಗ್ಯಾರೇಜಿಗೆ ಬಂದು ನೋಡಬಹುದು. ಕಪಾಟಿನಲ್ಲಿ ಸಾಲಾಗಿ ಕೂತಿರುವ ಪುಟ್ಟ ಪುಟ್ಟ ಶೀಶೆಗಳಲ್ಲಿ ಒಂದರ ಮೇಲೆ ‘ಯುರೋಪಿನ ಧೂಳು’ ಎಂದಿದೆ, ಪಕ್ಕದ್ದರ ಮೇಲೆ ‘ಉತ್ತರ ಆಫ್ರಿಕಾದ ಧೂಳು’. ತುಕ್ಕಿನಲ್ಲೂ ಎರಡು ಜಾತಿ: ಹಳೇ ತುಕ್ಕು, ಹೊಸ ತುಕ್ಕು. ಊರಿನಲ್ಲಿ ಬಸ್ಸಿಳಿದ ಕೂಡಲೇ ತಲೆಯಿಂದ ಕೊಡವಿ ಹಾಕುತ್ತಿದ್ದ ಸಾಮಾನನ್ನು ಇಲ್ಲಿ ಇವರು ಅಂಚೆಯಲ್ಲಿ ತರಿಸುತ್ತಾರೆ.

ಇವರು ಅಂದರೆ ನಮ್ಮ ಯಜಮಾನರು. ಹಗಲೆಲ್ಲ ಸಾಫ್ಟ್‌ವೇರು, ರಾತ್ರಿ ಪ್ಲಾಸ್ಟಿಕ್ ಕಾರು. ಅದನ್ನು ಆಟಿಕೆ ಅನ್ನಬಾರದು, ಸ್ಕೇಲ್ ಮಾಡೆಲ್ ಅನ್ನಬೇಕು. ಇವರದ್ದು ಅಸಲಿ ಕಾರಿನ ಇಪ್ಪತ್ತೈದನೇ ಒಂದು ಭಾಗ. 1932ರ ಫೋರ್ಡಿನ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 106 ಅಂಗುಲ ಇತ್ತಂತೆ. ನಮ್ಮನೆಯದರಲ್ಲಿ ನಾಲ್ಕೂಕಾಲು. ಸ್ಕೇಲು ಹಿಡಿದು ಅಳೆದು ತೋರಿಸಿದ್ದಾರೆ, ನಾನು ಕೇಳದಿದ್ದರೂ.

ಈ ರೋಗ ತಗುಲಿಕೊಂಡಿದ್ದು ಊರಿನ ಗಾಳಿಯಿಂದ. ನಾವಿರುವ ಮೊಡೆಸ್ಟೊ ಕ್ಯಾಲಿಫೋರ್ನಿಯಾದ ನಡುಬಯಲಿನ ಊರು, ಸುತ್ತ ಬಾದಾಮಿ ತೋಟ. ಸಿನಿಮಾದ ಜಾರ್ಜ್ ಲ್ಯೂಕಸ್ ಹುಟ್ಟಿದ್ದು ಇಲ್ಲೇ. 1962ರ ಇದೇ ಊರಿನ ಒಂದು ರಾತ್ರಿಯ ಮೇಲೆ ಅವರು 1973ರಲ್ಲಿ ‘ಅಮೆರಿಕನ್ ಗ್ರಾಫಿಟಿ’ ಚಿತ್ರ ತೆಗೆದರು. ಅದರಲ್ಲಿ ಬೀದಿ ಸುತ್ತುವ ಹಳದಿ ಕಾರು ಈ 1932ರ ಫೋರ್ಡೇ. ಅದರ ನೆನಪಿಗೆ ಜೂನ್ ಬಂತೆಂದರೆ ಮೊಡೆಸ್ಟೊದಲ್ಲಿ ಹಳೇ ಕಾರುಗಳ ಮೆರವಣಿಗೆ. ತೇರೂ ಇಲ್ಲ, ಪಾನಕವೂ ಇಲ್ಲ, ಬಿಸಿಲು ಮಾತ್ರ ಧಾರಾಳ.

ಅತ್ತೆ ಊರಿನಿಂದ ಬಂದಿಳಿದಿದ್ದು ಆ ಹೊತ್ತಿಗೇ. ಅವರು ಆಗುಂಬೆ ಸೀಮೆಯವರು. ಮೆರವಣಿಗೆಯಲ್ಲಿ ಛತ್ರಿ ಬಿಡಿಸಿಕೊಂಡು ನಿಂತಿದ್ದವರು ಮೊದಲ ಹಾಟ್ ರಾಡ್ ಕಣ್ಣೆದುರು ಬಂದದ್ದೇ, “ಮಡ್‌ಗಾರ್ಡ್ ಇಲ್ಲ, ಎಂಜಿನ್ನಿನ ಮೇಲೆ ಮುಚ್ಚಳ ಇಲ್ಲ. ಪಾಪ, ಯಾರೋ ರಾತ್ರೋರಾತ್ರಿ ಬಿಚ್ಚಿಕೊಂಡು ಹೋಗಿದಾರೆ ಮಾರಾಯ” ಅಂದರು.

ಇವರಿಗೆ ಅಷ್ಟೇ ಸಾಕಾಯಿತು. ಹೆನ್ರಿ ಫೋರ್ಡ್ 1932ರಲ್ಲಿ ಬಡವರ ಕಾರಿಗೂ ವಿ-8 ಎಂಜಿನ್ ಇಟ್ಟಿದ್ದು, ಅದಕ್ಕೆ 65 ಕುದುರೆಗಳ ಬಲವಿದ್ದಿದ್ದು, ಅವೇ ಕಾರುಗಳು ಹಳತಾಗಿ ಅಗ್ಗವಾದ ಮೇಲೆ ಇಲ್ಲಿನ ಹುಡುಗರು ಕೊಂಡು, ಭಾರ ಇಳಿಸಲು ಕಂಡದ್ದೆಲ್ಲ ಬಿಚ್ಚಿ ಎಸೆದು ಮೊಹಾವೆ ಮರುಭೂಮಿಯ ಬತ್ತಿದ ಕೆರೆಗಳಲ್ಲಿ ಓಡಿಸಿದ್ದು, ಅಂಥವಕ್ಕೆ ಹಾಟ್ ರಾಡ್ ಎಂದು ಹೆಸರಾದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಅದಕ್ಕೊಂದು ಸಂಘ ಬೇರೆ: ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್, 1937ರದ್ದು. ಮಹಾಯುದ್ಧ ಮುಗಿಸಿ ಬಂದ ಸೈನಿಕರೂ ಸೇರಿಕೊಂಡ ಮೇಲೆ ಕೆರೆ ಸಾಲದಾಯಿತು. 1949ರಿಂದ ಯೂಟಾದ ಬಾನೆವಿಲ್ ಉಪ್ಪಿನ ಬಯಲಿನಲ್ಲೂ ಓಟ ಶುರುವಾಯಿತು.

ಅತ್ತೆ ಅಷ್ಟೂ ಕೇಳಿ ಒಂದೇ ಒಂದು ಪ್ರಶ್ನೆ ಹಾಕಿದರು. “ಕಬ್ಬಿಣದ ಗಾಡೀನ ಉಪ್ಪಿನ ಮೇಲೆ ಓಡಿಸ್ತಾರ? ಮನೇಲಿ ಹೆಂಗಸರು ಯಾರೂ ಹೇಳೋರಿರಲಿಲ್ವ?”

ಮಾಡೆಲ್ಲನ್ನು ಕಟ್ಟುವ ಕೆಲಸದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬಿಡಿಭಾಗಗಳೆಲ್ಲ ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಕತ್ತರಿಸಬೇಕು, ಉಜ್ಜಬೇಕು, ಸೋಪಿನ ನೀರಿನಲ್ಲಿ ತೊಳೆಯಬೇಕು, ಅಂಟಿಸಬೇಕು. ಒಂದು ತುಣುಕು ನೆಲಕ್ಕೆ ಬಿದ್ದರೆ ಮನೆಮಂದಿಯೆಲ್ಲ ಮೊಣಕಾಲೂರಿ ಹುಡುಕಬೇಕು. ಅಸಲಿ ತಮಾಷೆ ಇರುವುದು ಆಮೇಲೆ, ಕಾರನ್ನು ಹಾಳುಗೆಡವುವ ಹಂತದಲ್ಲಿ. ಅದಕ್ಕೆ ವೆದರಿಂಗ್ ಎನ್ನುತ್ತಾರೆ. ಬಿಸಿಲು ಮಳೆ ಗಾಳಿ ಸೇರಿ ಎಪ್ಪತ್ತು ವರ್ಷ ಮಾಡುವ ಕೆಲಸವನ್ನು ಇವರು ವಾರಾಂತ್ಯದಲ್ಲಿ ಮುಗಿಸಬೇಕು.

ಲೋಕದಲ್ಲಿ ಬಣ್ಣ ಮೊದಲು, ತುಕ್ಕು ಆಮೇಲೆ. ಇವರಲ್ಲಿ ತಿರುಗುಮುರುಗು. ಮೊದಲು ಮೈಗೆಲ್ಲ ತುಕ್ಕಿನ ಕಂದು ಬಳಿದರು. ಅದರ ಮೇಲೆ ಹೇರ್‌ಸ್ಪ್ರೇ. ಮಗಳ ಭರತನಾಟ್ಯಕ್ಕೆಂದು ನಾನು ತಂದಿಟ್ಟ ಡಬ್ಬಿ ಹಗುರಾದದ್ದು ಯಾಕೆಂದು ನನಗೆ ಗೊತ್ತಾಗಿದ್ದು ಆವತ್ತೇ. ಹೇರ್‌ಸ್ಪ್ರೇ ಒಣಗಿದ ಮೇಲೆ ನೀಲಿ ಅಕ್ರಿಲಿಕ್ ಬಣ್ಣ ಹೊಡೆಯಬೇಕು. ಅದೂ ಒಣಗಿದ ಮೇಲೆ ಒದ್ದೆ ಬ್ರಷ್ಷಿನಲ್ಲಿ ಉಜ್ಜಿದರೆ ಒಳಗಿನ ಹೇರ್‌ಸ್ಪ್ರೇ ನೀರಿಗೆ ಕರಗಿ, ಮೇಲಿನ ನೀಲಿ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕೆಳಗಿನ ತುಕ್ಕು ಇಣುಕುತ್ತದೆ. ಬುದ್ಧಿವಂತಿಕೆಯೇನೋ ಹೌದು. ಇಷ್ಟು ತಲೆಯನ್ನು ನಮ್ಮ ಬಚ್ಚಲಿನ ಸೋರುವ ನಲ್ಲಿಗೆ ಖರ್ಚು ಮಾಡಿದ್ದರೆ ಎಂಬ ಯೋಚನೆ ನನಗೆ ಬಂದದ್ದೂ ಹೌದು.

ಟಾಪಿಗೆ ಬೇರೆ ವಿಧಾನ. ನೀಲಿ ಹೊಡೆಯುವ ಮೊದಲು ಅದನ್ನಷ್ಟು ಒದ್ದೆ ಮಾಡಿ ಕಲ್ಲುಪ್ಪಿನ ಹರಳು ಉದುರಿಸಬೇಕು; ಬಣ್ಣ ಒಣಗಿದ ಮೇಲೆ ಉಪ್ಪನ್ನು ಉಜ್ಜಿ ತೆಗೆದರೆ ಹರಳು ಕೂತಿದ್ದಲ್ಲೆಲ್ಲ ತುಕ್ಕಿನ ಕಲೆ. ಉಪ್ಪು ಉದುರಿಸಿ ಇವರು ಕಾಫಿಗೆ ಒಳಗೆ ಬಂದರು. ವಾಪಸು ಹೋದರೆ ಕಾರಿನ ಪಕ್ಕ ಒಣಮೆಣಸಿನಕಾಯಿ, ಒಂದು ಚಿಟಿಕೆ ಸಾಸಿವೆ. ಅತ್ತೆಯೇ ತಂದಿಟ್ಟಿದ್ದರು. “ಉಪ್ಪೊಂದರಲ್ಲೇ ದೃಷ್ಟಿ ಹೋಗಲ್ಲ ಕಣಾ” ಎಂದು ಮಗನಿಗೆ ತಿಳಿಹೇಳಿದರು.

ಬಣ್ಣ ಎದ್ದು ತುಕ್ಕು ಕಂಡ ಮೇಲೆ ಅತ್ತೆ ಕನ್ನಡಕ ಹಾಕಿಕೊಂಡು ಕಾರನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೈಯುತ್ತಾರೆಂದು ಕಾದಿದ್ದೆ. ಬೈದರು, ಬೇರೆ ಕಾರಣಕ್ಕೆ.

“ಇದೆಂತದಾ, ತುಕ್ಕು ಮೇಲೆ ಹಿಡಿಸಿದೀಯ? ತುಕ್ಕು ಹಿಡಿಯೋದು ನೀರು ನಿಲ್ಲೋ ಕಡೆ. ನಿಮ್ಮಪ್ಪನ ಜೀಪು ನೆನಪಿಲ್ವ? ಟಾಪು ಕಲ್ಲಿನ ಹಂಗೆ ಗಟ್ಟಿ ಇತ್ತು, ತಳ ತೂತು ಬಿದ್ದು ಕಾಲಡಿಯ ರಸ್ತೆ ಕಾಣ್ತಿತ್ತು.”

“ಅಮ್ಮಾ, ಅದು ಮಲೆನಾಡಿನ ತುಕ್ಕು. ಇದು ಮೊಹಾವೆ ಮರುಭೂಮಿ ಕಾರು. ಅಲ್ಲಿ ಮಳೆ ಇಲ್ಲ. ಬಿಸಿಲು ಮೇಲಿಂದ ತಿನ್ನುತ್ತೆ. ಟಾಪು, ಬಾನೆಟ್ಟಿನ ಬಣ್ಣ ಸುಟ್ಟುಹೋಗುತ್ತೆ, ತಳಕ್ಕೆ ಏನೂ ಆಗಲ್ಲ.”

ಇವರು ಹೇಳಿದ್ದು ಸುಳ್ಳಲ್ಲ. ಹಿಮಕ್ಕೆ ರಸ್ತೆಗೆಲ್ಲ ಉಪ್ಪು ಸುರಿಯುವ ಉತ್ತರದ ರಾಜ್ಯಗಳವರು ಹಳೇ ಕಾರು ಬೇಕಾದರೆ ಕ್ಯಾಲಿಫೋರ್ನಿಯಾದ್ದನ್ನು ಹುಡುಕಿಕೊಂಡು ಬರುವುದು ಈ ಗಟ್ಟಿ ತಳದ ಆಸೆಗೇ. ಆದರೆ ಎದುರಿಗಿದ್ದದ್ದು ಅತ್ತೆ.

“ಕಾರು ಎಲ್ಲಿರೋದು? ಮರುಭೂಮಿಲೋ, ಮೊಡೆಸ್ಟೊದಲ್ಲೋ?”

“...ಮೊಡೆಸ್ಟೊದಲ್ಲಿ ಅಂತಲೇ ಇಟ್ಕೊಳ್ಳಿ.”

“ಹೋದ ಸಲ ನಾನು ಡಿಸೆಂಬರಿನಲ್ಲಿ ಬಂದಾಗ ಎದುರುಮನೆ ಕಾಣದ ಹಂಗೆ ಮಂಜು ಕವೀತಿತ್ತಲ್ಲ, ಆ ನೀರೆಲ್ಲ ಎಲ್ಲಿ ಹೋಗುತ್ತೆ?”

ಚಳಿಗಾಲದಲ್ಲಿ ಈ ಬಯಲನ್ನು ಮುಚ್ಚುವ ಟ್ಯೂಲಿ ಮಂಜು ಹೆದ್ದಾರಿಗಳನ್ನೇ ನಿಲ್ಲಿಸುತ್ತದೆ. ಆವತ್ತು ನಮ್ಮ ಯಜಮಾನರನ್ನೂ ನಿಲ್ಲಿಸಿತು. ಕೊನೆಗೆ ರಾಜಿಯಾಯಿತು: ಮೇಲರ್ಧ ಮೊಹಾವೆ, ಕೆಳಗರ್ಧ ಆಗುಂಬೆ.

ಅಲ್ಲಿಂದ ಮುಂದೆ ಗ್ಯಾರೇಜಿನ ಯಜಮಾನಿಕೆ ಅತ್ತೆಯದ್ದು. ಬಾಗಿಲಿನ ತಿರುಗಣೆಯ ಕೆಳಗೆ ಕೆಂಪು ನೀರು ಇಳಿದ ಗೆರೆ ಬೇಕು ಎಂದರು. ಇವರು ಕಂದು ಆಯಿಲ್ ಪೇಂಟನ್ನು ವೈಟ್ ಸ್ಪಿರಿಟ್ಟಿನಲ್ಲಿ ನೀರಾಗಿಸಿ ಕೂದಲೆಳೆಯ ಬ್ರಷ್ಷಿನಲ್ಲಿ ಎಳೆದರು. “ದಪ್ಪ ಆಯ್ತು. ಇಳೀತಾ ಇಳೀತಾ ತೆಳ್ಳಗಾಗಬೇಕು.” ಅಳಿಸಿ ಮತ್ತೆ ಎಳೆದರು. ಬಾಗಿಲಿನ ಹಿಡಿಗೆ ಹಚ್ಚಿದ ತುಕ್ಕನ್ನು ಪೂರ್ತಿ ತೆಗೆಸಿದರು. ದಿನಾ ಕೈ ತಾಗುವ ಕಡೆ ತುಕ್ಕು ಹಿಡಿಯುವುದಿಲ್ಲವಂತೆ, ಬಾವಿಯ ಬಕೆಟ್ಟಿನ ಹಿಡಿ ನೋಡಿದವರಿಗೆ ಗೊತ್ತಂತೆ. ಮಗಳ 6ಬಿ ಪೆನ್ಸಿಲ್ಲಿನ ಸೀಸ ಉಜ್ಜಿದ ಮೇಲೆ ಹಿಡಿ ನಿಜವಾದ ಉಕ್ಕಿನಂತೆ ಮಿಂಚಿತು. ಉತ್ತರ ಆಫ್ರಿಕಾದ ಧೂಳಿನ ಶೀಶೆಯನ್ನು ಮಾತ್ರ ಅತ್ತೆ ಮುಟ್ಟಗೊಡಲಿಲ್ಲ. ಇದ್ದ ಊರಿನ ಧೂಳು ಬಿಟ್ಟು ಕಾಣದ ಊರಿನದ್ದು ಯಾಕೆಂದು, ಮುಂಬಾಗಿಲ ಕಾಲೊರಸು ಕೊಡವಿ ಒಂದು ಚಮಚ ತಂದುಕೊಟ್ಟರು. ಗುಡಿಸಿದ್ದು ಸಾಲದೆಂದು ನನಗೆ ತಾಗುವ ಹಾಗೆ ಹೇಳಿದ್ದೋ, ಬರೀ ಸಹಾಯವೋ, ಈವರೆಗೆ ತಿಳಿದಿಲ್ಲ.

ಆಯುಧಪೂಜೆ ಬಂತು. ಮಿನಿವ್ಯಾನಿಗೆ ಹೂವು, ಕುಂಕುಮ, ಚಕ್ರದಡಿ ನಾಲ್ಕು ನಿಂಬೆಹಣ್ಣು. ಇದಕ್ಕೂ ಆಗಬೇಕು ಎಂದು ಅತ್ತೆ ಹಾಟ್ ರಾಡನ್ನು ಮಣೆಯ ಮೇಲೆ ಇಟ್ಟರು. ನಿಂಬೆಹಣ್ಣು ಹತ್ತಿರ ಹಿಡಿದರೆ ಚಕ್ರಕ್ಕಿಂತ ದೊಡ್ಡದು. ಮಗಳು ಅಳೆದು, “ಅಜ್ಜಿ, ಐದು ಸೆಂಟಿಮೀಟರ್ ಡಿವೈಡೆಡ್ ಬೈ ಟ್ವೆಂಟಿಫೈವ್, ಟೂ ಮಿಲಿಮೀಟರ್ ಲೆಮನ್ ಬೇಕು” ಎಂದಳು. ಅಷ್ಟರಲ್ಲಿ ಅತ್ತೆ ಒಗ್ಗರಣೆ ಡಬ್ಬಿಯಿಂದ ಸಾಸಿವೆ ತಂದು ಚಕ್ರಕ್ಕೊಂದರಂತೆ ಇಟ್ಟಾಗಿತ್ತು.

“ಅಮ್ಮಾ, ಇನ್ನೂ ವಾರ್ನಿಶ್ ಹೊಡೆದಿಲ್ಲ, ಮುಟ್ಟಬೇಡಿ!” ಇವರು ಕೂಗುವಷ್ಟರಲ್ಲಿ ಬಾನೆಟ್ಟಿಗೆ ಅರಿಶಿನ ಕುಂಕುಮ ಬಿದ್ದಿತ್ತು. ತುಕ್ಕಿನ ಪಕ್ಕದಲ್ಲಿ ಅದೂ ತುಕ್ಕಿನ ಇನ್ನೊಂದು ಜಾತಿಯಂತೆಯೇ ಕಂಡಿತು.

“ಮುಂದಕ್ಕೆ ತಳ್ಳು, ಒಡೀಲಿ.”

ಇವರು ತಲೆ ತುರಿಸಿಕೊಂಡರು. “ತಳ್ಳಕ್ಕಾಗಲ್ಲಮ್ಮ. ಚಕ್ರ ಅಂಟಿಸಿಬಿಟ್ಟಿದೀನಿ. ತಿರುಗಲ್ಲ.”

ಅತ್ತೆ ಮಗನನ್ನು ನೋಡಿದರು, ಕಾರನ್ನು ನೋಡಿದರು. “ಓಡದ ಗಾಡಿಗೆ ತುಕ್ಕು ಹಿಡಿಯದೆ ಇನ್ನೆಂತ ಆಗುತ್ತೆ?” ಅಂದು, ನಾಲ್ಕೂ ಕಾಳನ್ನು ಆರಿಸಿ ವಾಪಸು ಡಬ್ಬಿಗೆ ಹಾಕಿದರು.