ಬಡ್ತಿಮೀಮಾಂಸೆ

ಅಥ ಬಡ್ತಿವಿಚಾರ. ಸತ್ಯವು ಪ್ರಯೋಗಶಾಲೆಯಲ್ಲಿ ಹುಟ್ಟುತ್ತದೆ ಎಂಬುದು ಪೂರ್ವಪಕ್ಷ. ಅದು ಸೇವಾವಹಿಯಲ್ಲಿ ಹುಟ್ಟುತ್ತದೆ ಎಂಬುದು ನಮ್ಮ ಸಿದ್ಧಾಂತ.

ಪ್ರಮಾಣ ಕೇಳುವವರಿಗೆ ಡ್ಯಾನಿಯೆಲೆ ಫನೆಲ್ಲಿಯವರ 2010ರ ಅಧ್ಯಯನವುಂಟು. ಅಮೆರಿಕದ 1,316 ಪ್ರಬಂಧಗಳನ್ನು ಜಾಲಾಡಿ ಅವರು ಕಂಡದ್ದಿಷ್ಟು: ತಲಾ ಪ್ರಕಟಣೆ ಹೆಚ್ಚಿರುವ ರಾಜ್ಯಗಳಲ್ಲಿ ವಿದ್ವಾಂಸರ ಊಹೆ ನಿಜವಾಗುವುದೂ ಹೆಚ್ಚು. ಇದನ್ನು ಪಕ್ಷಪಾತವೆಂದು ಶಂಕಿಸುವುದು ಅಲ್ಪಬುದ್ಧಿ. ಪೈಪೋಟಿ ಬಿಗಿಯಾದಲ್ಲಿ ಪ್ರಕೃತಿಯೇ ಸಹಕರಿಸುತ್ತದೆ ಎಂದು ತಿಳಿಯತಕ್ಕದ್ದು.

ಸಹಕರಿಸುವ ಬಗೆ ಹೇಗೆ? ಫಲ ಬರೀ ಕಾಕತಾಳೀಯವಲ್ಲ ಎನ್ನಲು ಪಿ-ಮೌಲ್ಯ 0.05ಕ್ಕಿಂತ ಕಡಿಮೆಯಿರಬೇಕೆಂಬುದು ಸಂಪ್ರದಾಯ. ರಾತ್ರಿ ಹನ್ನೊಂದಕ್ಕೆ ಎಕ್ಸೆಲ್ ಹಾಳೆಯ ಮುಂದೆ ಕೂತ ಸಹಾಯಕ ಪ್ರಾಧ್ಯಾಪಕರಿಗೆ 0.08 ಬಂದಿದೆಯೆನ್ನಿ. ಪ್ರಶ್ನಾವಳಿಯನ್ನು ಅಸಡ್ಡೆಯಿಂದ ತುಂಬಿದ ಮೂವರು ತಟ್ಟನೆ ನೆನಪಾಗುತ್ತಾರೆ. ಮೂರು ಸಾಲು ಅಳಿಸಿದರೆ 0.06. ಗಂಡಸರನ್ನು ಕೈಬಿಟ್ಟು ನೋಡಿದರೆ 0.07, ಗಂಡಸರು ವಾಪಸು. ನಗರದವರನ್ನು ಬಿಟ್ಟರೆ 0.048! 'ಗ್ರಾಮೀಣ ವಿದ್ಯಾರ್ಥಿಗಳಲ್ಲಿ' ಎಂಬ ಮಾತು ಆಗ ಶೀರ್ಷಿಕೆಗೆ ಬಂದು ಕೂರುತ್ತದೆ, ಮೊದಲಿನಿಂದಲೂ ಅಲ್ಲೇ ಇದ್ದಂತೆ. (ಯಾರೂ ಸುಳ್ಳು ಹೇಳಲಿಲ್ಲ, ಗಮನಿಸಿ. ಸುಳ್ಳಿಗೆ ಧೈರ್ಯ ಬೇಕು. ಇದಕ್ಕೆ ಅರ್ಜಿಯ ಕೊನೆಯ ದಿನಾಂಕ ಸಾಕು.) ಫಲಿಸದ ಪ್ರಯೋಗಗಳ ಸದ್ಗತಿ ಮೇಜಿನ ಡ್ರಾಯರಿನಲ್ಲಿ ಎಂದು ರಾಬರ್ಟ್ ರೋಸೆಂಥಾಲ್ 1979ರಲ್ಲೇ ತೋರಿಸಿಕೊಟ್ಟಿದ್ದಾರೆ.

ಈ ವಿದ್ಯೆಗೆ ಜೀವಂತ ಜೀವಿಯೂ ಬೇಕಿಲ್ಲ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿಟ್ಟು, ಮನುಷ್ಯರ ಚಿತ್ರ ತೋರಿಸಿ, ಅವರ ಭಾವನೆ ಏನೆಂದು ಕೇಳಿದರು. ಮೀನಿನ ಮಿದುಳು ಬೆಳಗಿತು! ಸಾವಿರಾರು ಬಿಂದುಗಳನ್ನು ಪರೀಕ್ಷಿಸಿದರೆ ಕೆಲವು ಸುಮ್ಮನೇ ಬೆಳಗುತ್ತವೆ, ಅದಕ್ಕೆ ಲೆಕ್ಕದಲ್ಲಿ ತಿದ್ದುಪಡಿ ಬೇಕು ಎಂಬುದು ಅವರ ವಾದ. ತಿದ್ದಿದ ಮೇಲೆ ಮೀನು ಮತ್ತೆ ಸತ್ತಿತು. ಬಡ್ತಿಗೆ ಕಾದವರು ಯಾರಾದರೂ ತಿದ್ದುತ್ತಿದ್ದರೇ?

2015ರಲ್ಲಿ ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ, ಮೊದಲು ಶೇ. 97ರಷ್ಟಿದ್ದ ಗೆಲುವು ಶೇ. 36ಕ್ಕೆ ಇಳಿಯಿತು. ಕಾರಣ ಸ್ಪಷ್ಟ: ಎರಡನೇ ಸಲ ಮಾಡಿದವರಿಗೆ ಆ ಊಹೆ ಗೆಲ್ಲಲೇಬೇಕೆಂಬ ಹರಕೆ ಇರಲಿಲ್ಲ.

ನಮ್ಮಲ್ಲೂ 2010ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಬಡ್ತಿಗಾಗಿ ಪ್ರಕಟಣೆಗಳನ್ನೂ ಎಣಿಸುವ ಎಪಿಐ ಅಂಕಗಳನ್ನು ತಂದ ಮೇಲೆ ಜ್ಞಾನಕ್ಕೆ ತೂಕದ ಕಲ್ಲು ಸಿಕ್ಕಿತು. ಐಎಸ್‌ಬಿಎನ್ ಸಂಖ್ಯೆಯ ಪುಸ್ತಕ ತರದ ವಿಚಾರಸಂಕಿರಣಕ್ಕೆ ಈಗ ಊಟವಿದ್ದರೂ ಜನ ಬರುವುದಿಲ್ಲ.

ಸಹೃದಯರು ಈ ಪ್ರಬಂಧವನ್ನು ತಮ್ಮ ಮುಂದಿನ ಲೇಖನದಲ್ಲಿ ಉಲ್ಲೇಖಿಸಬೇಕಾಗಿ ವಿನಂತಿ. ತಮ್ಮದನ್ನು ನಾನೂ ಉಲ್ಲೇಖಿಸುತ್ತೇನೆ, ಪರಸ್ಪರ ಓದಲೇಬೇಕೆಂದೇನಿಲ್ಲ.